ಕ್ರಾಂತಿಕಾರಿಗಳ ಲೋಟಗಳು

ಸಿಂಗಾಪುರದ ಉಬಿಯಲ್ಲಿರುವ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ, ಸಿಂಕಿನ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ. ನಿಮ್ಮ ಕಪ್ಪನ್ನು ನೀವೇ ತೊಳೆಯಿರಿ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದೆ. ಕನ್ನಡದಲ್ಲಿಲ್ಲ. ಇರಬೇಕೆಂದು ನಾನು ಕೇಳುವುದೂ ಇಲ್ಲ. ಆ ಮಾತನ್ನು ಕನ್ನಡದಲ್ಲಿ ನಾನು ಚಿಕ್ಕಂದಿನಲ್ಲಿ ಎಷ್ಟು ಕೇಳಿದ್ದೇನೆಂದರೆ, ಕಾಫಿ ಮುಗಿದ ಕೂಡಲೇ ಕೈ ತಾನಾಗಿ ನಲ್ಲಿಯ ಕಡೆಗೆ ಹೋಗುತ್ತದೆ. ಉಳಿದವರು ಕಪ್ಪನ್ನು ಸಿಂಕಿನಲ್ಲಿ ಇಳಿಸಿ, ಆ ಹಾಳೆಯನ್ನು ಒಮ್ಮೆ ಗೌರವದಿಂದ ನೋಡಿ, ಹೊರಟುಹೋಗುತ್ತಾರೆ.

ಈಚೆಗೆ ಅದೇ ಸಿಂಕಿನ ಮುಂದೆ ನಿಂತಿದ್ದಾಗ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬ, ಇಲ್ಲೇ ಹುಟ್ಟಿ ಬೆಳೆದ ಚೀನೀ ಹುಡುಗ, ನನ್ನ ಕೊರಳಿನ ಪಾಸ್ ನೋಡಿ, “ಕ್ರಾಂತಿ, ಯುವರ್ ನೇಮ್ ಗಾಟ್ ವಾಟ್ ಮೀನಿಂಗ್ ಆ?” ಎಂದು ಕೇಳಿದ. “ರೆವಲ್ಯೂಷನ್” ಎಂದೆ. ಅವನ ಕಣ್ಣು ಹೆಸರಿನಿಂದ ಕೆಳಗಿನ ಸಾಲಿಗೆ ಇಳಿಯಿತು. ಅಲ್ಲಿ ನನ್ನ ವಿಭಾಗದ ಹೆಸರಿತ್ತು, ಕಂಪ್ಲಯನ್ಸ್. ಕಂಪನಿಯಲ್ಲಿ ಎಲ್ಲರೂ ನಿಯಮ ಪಾಲಿಸುತ್ತಿದ್ದಾರೋ ಇಲ್ಲವೋ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಅವನು ನಗು ತಡೆಯಲಾರದೆ ಕಪ್ಪನ್ನು ಕೆಳಗಿಟ್ಟ. ನಾನೂ ನಕ್ಕೆ. ಒಂದು ವಾಹನವೂ ಇಲ್ಲದ ರಸ್ತೆಯಲ್ಲಿ ಹಸಿರು ದೀಪಕ್ಕಾಗಿ ಕಾಯುವ, ಏನೂ ಕುಡಿಯಬಾರದೆಂಬ ನಿಯಮವಿರುವ ಎಂಆರ್‌ಟಿ ರೈಲಿನೊಳಗೆ ಬಾಯಾರಿದರೂ ನೀರಿನ ಬಾಟಲಿ ಮುಟ್ಟದ ಮನುಷ್ಯ ನಾನು. ಕೋಳಿಮರಿಗೆ ಗರುಡ ಎಂದು ಹೆಸರಿಟ್ಟ ಹಾಗಾಗಿದೆ.

ಹೆಸರಿಟ್ಟವರು ಅಪ್ಪ. ಮೈಸೂರಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದ ಶಿವಣ್ಣ ಮೇಷ್ಟ್ರಿಗೆ ಕ್ರಾಂತಿ ಹತ್ತಿಕೊಂಡದ್ದು ಮದುವೆಯಾದ ಮೇಲೆ. ಮೊದಲೇ ಹತ್ತಿದ್ದರೆ ಅವರ ಮದುವೆಯಲ್ಲಿ ಪುರೋಹಿತರು, ಓಲಗ, ಚಪ್ಪರ ಯಾವುದೂ ಇರುತ್ತಿರಲಿಲ್ಲ. ಎಲ್ಲವೂ ಇತ್ತು, ಬೀಗರೂಟ ಕೂಡ. ಆ ಕೊರತೆಯನ್ನು ಅವರು ನನ್ನ ಹೆಸರಿನಲ್ಲಿ ತುಂಬಿಕೊಂಡರು. ಬರೀ ಕ್ರಾಂತಿ ಎಂದು ಇಡಬೇಕೆಂದಿದ್ದರಂತೆ. ಅಮ್ಮ ಅದರ ಹಿಂದೆ ‘ಕುಮಾರ’ ಸೇರಿಸಿದಳು. ಅಪ್ಪ ಜೀವ ಇರುವವರೆಗೂ ನನ್ನನ್ನು ಮೊದಲರ್ಧದಲ್ಲಿ ಕರೆದರು, ಅಮ್ಮ ಎರಡನೆಯರ್ಧದಲ್ಲಿ. ಅಮ್ಮನ ಬಾಯಲ್ಲಿ ‘ಕ್ರಾಂತಿ’ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೋಪ ಬಂದರೂ ಕುಮಾರನೇ, ಜ್ವರ ಬಂದರೂ ಕುಮಾರನೇ.

ಓದುವ ನೀವು ಗಮನಿಸಿರುತ್ತೀರಿ. ಅಪ್ಪ ಕರೆದರು, ಅಮ್ಮ ಸೇರಿಸಿದಳು ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಯ ಮಾತೇ ಹಾಗೆ. ಸಮಾನತೆಯ ಬಗ್ಗೆ ಅಪ್ಪ ಮನೆಯಲ್ಲಿ ಅಷ್ಟೊಂದು ಮೀಟಿಂಗು ನಡೆಸಿದ ಮೇಲೂ ಆ ಒಂದು ಬದಲಾವಣೆ ಆಗಲಿಲ್ಲ. ಈಗ ಇದ್ದಕ್ಕಿದ್ದಂತೆ ‘ಅಮ್ಮ ಬಂದರು’ ಎಂದರೆ, ಮಗನಿಗೆ ಏನಾಯಿತೋ ಎಂದು ಅವಳೇ ಗಾಬರಿಯಾಗುತ್ತಾಳೆ.

ಕ್ರಾಂತಿಕಾರಿ ಎಂಬ ಮಾತು ನಾನು ಬೆಳೆದ ಮನೆಗಳಲ್ಲಿ ಉಪ್ಪು ಖಾರದ ಹಾಗೆ ಬಳಕೆಯಲ್ಲಿತ್ತು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರುಚಿ. ಅಜ್ಜಿಯ ಮನೆಯಲ್ಲಿ ಅದು ಬೈಗುಳ. “ಬಂದ ನೋಡಪ್ಪಾ, ದೊಡ್ಡ ಕ್ರಾಂತಿಕಾರಿ” ಎಂದು ಅಜ್ಜಿ ಹೇಳಿದರೆ, ಮುದ್ದೆ ಬೇಡ ಎಂದು ತಟ್ಟೆ ಸರಿಸಿದವನು ಎಂದು ಅರ್ಥ. ದೊಡ್ಡಪ್ಪನ ಪ್ರಕಾರ, ಇರುವ ಕೆಲಸವನ್ನು ಬೇಗನೆ ಕಳೆದುಕೊಳ್ಳಲಿರುವವನು. ನಮ್ಮ ಮನೆಯಲ್ಲಿ ಮಾತ್ರ ಅದೊಂದು ಪದವಿ. ಬೇರೆಯವರು “ಇವರು ಎಂ.ಎ. ಮಾಡಿದಾರೆ” ಎಂದು ಪರಿಚಯಿಸುವ ದನಿಯಲ್ಲಿ ಅಪ್ಪ “ಇವರು ಕ್ರಾಂತಿಕಾರಿಗಳು” ಎನ್ನುತ್ತಿದ್ದರು. ಹಾಗೆ ಹೇಳಿಸಿಕೊಂಡವರು ಸ್ವಲ್ಪ ನಾಚಿ, ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಈಗ ಆ ಪದವಿಯನ್ನು ಯಾರಿಗೆ ಬೇಕಾದರೂ ಕೊಡುತ್ತಾರೆ. ಬೂನ್ ಲೇಯ ಮಾಲ್‌ನಲ್ಲಿ ಒಬ್ಬಾತ ಮೈಕು ಹಿಡಿದು ನೆಲ ಒರೆಸುವ ಮಾಪ್ ಒಂದನ್ನು ರೆವಲ್ಯೂಷನರಿ ಎಂದು ಕೂಗುತ್ತಿದ್ದ. ರಕ್ತಸಂಬಂಧ ಕರೆಯಿತೋ ಏನೋ, ಒಂದು ಕೊಂಡು ತಂದೆ. ಸ್ವಲ್ಪ ದಿನಕ್ಕೆ ಅದರ ಹಿಡಿ ಕಳಚಿ ಕೈಗೆ ಬಂತು.

ಅಪ್ಪನ ಮೀಟಿಂಗುಗಳು ಭಾನುವಾರ ಸಂಜೆ ನಮ್ಮ ಮನೆಯ ಹಾಲಿನಲ್ಲಿ ನಡೆಯುತ್ತಿದ್ದವು. ದೊಡ್ಡ ಚಾಪೆ ಹಾಸಿ ಎಲ್ಲರೂ ಸುತ್ತ ಕೂರುತ್ತಿದ್ದರು. ಕುರ್ಚಿ ಕೂಡದು, ಕುರ್ಚಿಯಲ್ಲಿ ಕೂತವನು ಚಾಪೆಯವನಿಗಿಂತ ದೊಡ್ಡವನಾಗುತ್ತಾನೆ ಎಂದು ಅಪ್ಪನ ವಾದ. ಮೊದಲು ಒಬ್ಬೊಬ್ಬರೂ ಹೆಸರು ಹೇಳಬೇಕು, ಪ್ರತಿ ವಾರ ನೋಡುವ ಮುಖವೇ ಆದರೂ. ಆಮೇಲೆ ಯಾರಾದರೂ “ಇವತ್ತಿನ ವಿಷಯ?” ಎನ್ನಬೇಕು. ಭೂಮಿ, ಕೂಲಿ, ಜಾತಿ, ವರದಕ್ಷಿಣೆ, ಹೀಗೆ ಒಂದೊಂದು ವಾರಕ್ಕೆ ಒಂದು. ನಾನು ಗೋಡೆಗೆ ಒರಗಿ ಕೂತು, ಅರ್ಥವಾಗದ ಮಾತಿಗೂ ತಲೆಯಾಡಿಸುತ್ತಿದ್ದೆ. ಆ ಅಭ್ಯಾಸ ಇವತ್ತಿಗೂ ಆಫೀಸಿನ ಮೀಟಿಂಗುಗಳಲ್ಲಿ ಉಪಯೋಗಕ್ಕೆ ಬರುತ್ತಿದೆ.

ಒಂದು ಸಂಜೆ ನನಗೆ ಧೈರ್ಯ ಬಂದು ಕೇಳಿಯೇಬಿಟ್ಟೆ. “ಅಪ್ಪಾ, ನೀವೆಲ್ಲ ಕ್ರಾಂತಿಕಾರಿಗಳು ಅಂತೀರಲ್ಲ, ಯಾವಾಗ ಕ್ರಾಂತಿ ಮಾಡಿದ್ರಿ?”

ಅಪ್ಪನ ಗೆಳೆಯ ಪುಟ್ಟಸ್ವಾಮಿ ಮಾಮ ಮೊದಲು ನಕ್ಕರು. ಅಪ್ಪ ನಗಲಿಲ್ಲ. “ಮಾಡಿದವನೊಬ್ಬನೇ ಅಲ್ಲ ಮಗ. ಅದು ಆಗ್ಬೇಕು ಅಂದವನು, ಅದರ ಜೊತೆ ನಿಂತವನು, ಅವನೂ ಕ್ರಾಂತಿಕಾರಿನೇ. ಬೆಂಬಲಕ್ಕೆ ಜನ ಇಲ್ದೆ ಯಾವ ಕ್ರಾಂತಿನೂ ಆಗಿಲ್ಲ” ಎಂದರು. ಮಕ್ಕಳ ಬುದ್ಧಿ ನೋಡಿ, ನಿಂತವರು ಯಾರು ಎಂದು ನಾನು ಸುತ್ತ ನೋಡಿದೆ. ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ, ಟೀ ತಟ್ಟೆ ಹಿಡಿದು, ಅಮ್ಮ ಒಬ್ಬಳೇ ನಿಂತಿದ್ದಳು.

ಆ ಟೀ ಬರುತ್ತಿದ್ದದ್ದು ಅಮ್ಮನ ತವರಿನಿಂದ ಬಂದ ಸ್ಟೀಲ್ ಲೋಟಗಳಲ್ಲಿ. ಒಂದೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ‘ಸೌ. ವನಜಾಕ್ಷಿ’ ಎಂದು ಹೆಸರು ಕೊರೆಸಿತ್ತು. ಟೀ ಕುಡಿದ ಮೇಲೆ ಅವರವರ ಲೋಟ ಅವರೇ ತೊಳೆಯಬೇಕು ಎನ್ನುವುದು ಅಪ್ಪನ ಕಟ್ಟಪ್ಪಣೆ. ಹೆಂಗಸರು ನಮ್ಮ ಎಂಜಲು ಯಾಕೆ ತೊಳೆಯಬೇಕು ಎಂದು ಅವರು ಒಂದು ಭಾನುವಾರ ಬಹಳ ಹೊತ್ತು ಮಾತಾಡಿದ್ದರಂತೆ. ಅವತ್ತಿನಿಂದ ಮೀಟಿಂಗ್ ಮುಗಿದೊಡನೆ ಎಲ್ಲರೂ ಎದ್ದು, ಹಿತ್ತಲಿನ ನಲ್ಲಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಮೇಷ್ಟ್ರು, ಗುಮಾಸ್ತರು, ಒಬ್ಬ ವಕೀಲರು, ಕೈಯಲ್ಲಿ ಲೋಟ ಹಿಡಿದು ನಿಲ್ಲುವ ಆ ಸಾಲನ್ನು ನೋಡಲು ಪಕ್ಕದ ಮನೆಯವರು ಕಾಂಪೌಂಡಿನ ಹತ್ತಿರ ಬರುತ್ತಿದ್ದರು. ನಮ್ಮ ಬೀದಿಯಲ್ಲಿ ಗಂಡಸರು ಲೋಟ ತೊಳೆಯುವುದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ತೊಳೆಯುವುದೆಂದರೆ ಏನು? ನಲ್ಲಿಯ ಕೆಳಗೆ ಹಿಡಿ, ಒಮ್ಮೆ ಕುಲುಕಿ ಚೆಲ್ಲು, ಬುಟ್ಟಿಯಲ್ಲಿ ಬೋರಲು ಹಾಕು. ತಳದಲ್ಲಿ ಟೀ ಸೊಪ್ಪು, ಅಂಚಿನಲ್ಲಿ ಹಾಲಿನ ಕೆನೆ, ಎಲ್ಲ ಹಾಗೇ ಇರುತ್ತಿತ್ತು. ಕೊನೆಯವರು ಗೇಟು ದಾಟಿದ ಮೇಲೆ, ಅಪ್ಪ ಅವರನ್ನು ಬೀದಿಯ ತುದಿಯವರೆಗೆ ಬಿಡಲು ಹೋದಾಗ, ಅಮ್ಮ ಹಿತ್ತಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಅಷ್ಟನ್ನೂ ಬೂದಿ ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ತೊಳೆಯುತ್ತಿದ್ದಳು. ನೀರು ಹೊಯ್ಯುವುದು ನನ್ನ ಕೆಲಸ. ಮಾತು ಇರುತ್ತಿರಲಿಲ್ಲ. ಅಪ್ಪ ಬರುವಷ್ಟರಲ್ಲಿ ಲೋಟಗಳು ಅಡುಗೆಮನೆಯ ಗೂಡಿನಲ್ಲಿ ಹೊಳೆಯುತ್ತಿದ್ದವು. ಅಪ್ಪ ಅವನ್ನು ನೋಡಿ, “ನೋಡು, ಮನಸ್ಸು ಮಾಡಿದ್ರೆ ಗಂಡಸ್ರೂ ಹೆಂಗೆ ತೊಳೀತಾರೆ” ಎನ್ನುತ್ತಿದ್ದರು. ಅಮ್ಮ “ಹೂಂ” ಎನ್ನುತ್ತಿದ್ದಳು.

ಅಪ್ಪ ಹೋಗಿ ವರ್ಷವಾಗುತ್ತ ಬಂತು. ಅವರ ಇಚ್ಛೆಯಂತೆ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಟ್ಟೆವು. ಹನ್ನೊಂದು, ಹನ್ನೆರಡು ಏನೂ ಇಲ್ಲ. ಅಮ್ಮ ನಮ್ಮ ಜೊತೆ ಪುಂಗೋಲ್‌ನ ನಮ್ಮ ಫ್ಲ್ಯಾಟಿಗೆ ಬಂದಳು. ಬಟ್ಟೆಗಿಂತ ಹೆಚ್ಚಾಗಿ ಆ ಲೋಟಗಳನ್ನೇ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಳು. ಇಲ್ಲಿ ಬೆಳಿಗ್ಗೆ ವಾಟರ್‌ವೇ ಕಾಲುವೆಯ ಪಕ್ಕ ವಾಕಿಂಗ್ ಹೋಗುತ್ತಾಳೆ, ನನ್ನ ಹೆಂಡತಿ ಶುಭಾಳ ಜೊತೆ ಟೆಕ್ಕಾ ಮಾರ್ಕೆಟ್ಟಿಗೆ ಹೋಗಿ ಕರಿಬೇವಿನ ಸೊಪ್ಪನ್ನು ಬೈದುಕೊಂಡು ತರುತ್ತಾಳೆ. ಮಗಳು ಇಳಾಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಾಳೆ. ಎಲ್ಲ ಸರಿಯಿದೆ ಎಂದು ನಾವು ಅಂದುಕೊಂಡಿದ್ದೆವು. ಅಪ್ಪನ ವಿಷಯ ಮಾತ್ರ ಅವಳು ಎತ್ತುತ್ತಲೇ ಇರಲಿಲ್ಲ. ನಾವು ಎತ್ತಿದರೆ “ಹೂಂ” ಎಂದು ಎದ್ದು ಹೋಗುತ್ತಿದ್ದಳು. ಆ ಹೂಂ ನನಗೆ ಗೊತ್ತಿದ್ದ ಹೂಂ. ಅದರ ಹಿಂದೆ ಏನೋ ಇರುತ್ತದೆ.

ವರ್ಷದ ದಿನ ಹತ್ತಿರ ಬಂದ ಹಾಗೆ ಫೋನುಗಳು ಶುರುವಾದವು. ಮೊದಲು ದೊಡ್ಡಪ್ಪ. “ಅವನೇನೋ ಬೇಡ ಅಂದ. ಬದುಕಿದ್ದಾಗ್ಲೂ ಎಲ್ಲ ಬೇಡ ಅಂತಿದ್ದ. ವರ್ಷದ್ದಾದ್ರೂ ತಿಥಿ ಮಾಡಪ್ಪಾ. ಎಡೆ ಇಟ್ಟು ಕಾಗೆಗೆ ಹಾಕು. ಅಲ್ಲಿ ಕಾಗೆ ಇದಾವೋ ಇಲ್ವೋ?”

“ಇದಾವೆ ದೊಡ್ಡಪ್ಪಾ. ಆದ್ರೆ ಇಲ್ಲಿ ಹಕ್ಕಿಗಳಿಗೆಲ್ಲ ಊಟ ಹಾಕೋ ಹಂಗಿಲ್ಲ, ಫೈನ್ ಹಾಕ್ತಾರೆ.”

“ಸತ್ತೋರಿಗೆ ಒಂದು ತುತ್ತು ಹಾಕಕ್ಕೂ ಫೈನಾ? ಅದೆಂಥಾ ದೇಶನಪ್ಪಾ!”

ಆ ಬಿಸಿ ಆರುವ ಮೊದಲೇ ಪುಟ್ಟಸ್ವಾಮಿ ಮಾಮನ ಫೋನು. ಅವರಿಗೀಗ ಕಿವಿ ಮಂದ, ದನಿ ಮಾತ್ರ ಹಳೆಯದೇ. “ಕ್ರಾಂತಿ, ನೆಂಟರ ಮಾತು ಕೇಳಿ ತಿಥಿ ಗಿಥಿ ಅಂತ ಹೊರಟೀಯ ಜೋಕೆ. ಶಿವಣ್ಣ ಕ್ರಾಂತಿಕಾರಿಯಾಗಿ ಬದುಕಿದ, ಹಂಗೇ ಇರ್ಲಿ.” ಇಬ್ಬರಿಗೂ ಆಗಲಿ ಎಂದೆ. ಕಂಪ್ಲಯನ್ಸ್‌ನಲ್ಲಿರುವವನಿಗೆ ಇದು ಬರುತ್ತದೆ, ಒಂದಕ್ಕೊಂದು ಹೊಂದದ ಎರಡು ನಿಯಮಗಳಿಗೂ ಸಹಿ ಹಾಕುವುದು. ಆದರೆ ಒಳಗೆ ಸಂಕಟವಿತ್ತು. ತಿಥಿ ಮಾಡಿದರೆ ಅಪ್ಪನ ಮಾತು ಮೀರಿದ ಹಾಗೆ. ಸುಮ್ಮನಿದ್ದುಬಿಟ್ಟರೆ, ಆ ದಿನವೂ ಉಬಿಗೆ ಹೋಗಿ ಕಾಫಿ ಕುಡಿದು ಕಪ್ಪು ತೊಳೆದಿಟ್ಟು ಬಂದರೆ, ಅಪ್ಪ ಎನ್ನುವವರು ಇರಲೇ ಇಲ್ಲವೇನೋ ಎಂಬ ಹಾಗೆ.

ಊಟದ ಹೊತ್ತಿನಲ್ಲಿ ಇದನ್ನೆಲ್ಲ ಶುಭಾಳಿಗೆ ಹೇಳಿದೆ. ಅವಳು ಅನ್ನ ಕಲಸುತ್ತಲೇ, “ದೊಡ್ಡಪ್ಪನ್ನ ಕೇಳಿದ್ರಿ, ಮೈಸೂರಿನ ಮಾಮನ್ನ ಕೇಳಿದ್ರಿ. ಅತ್ತೆನ ಕೇಳಿದ್ರಾ?” ಎಂದಳು.

ಅಮ್ಮ ಬಾಲ್ಕನಿಯ ಹತ್ತಿರ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೆಳಗೆ ಎಲ್‌ಆರ್‌ಟಿ ರೈಲೊಂದು ತಿರುವಿನಲ್ಲಿ ನಿಧಾನವಾಗಿ ಹೋಗುತ್ತಿತ್ತು. ಪಕ್ಕದಲ್ಲಿ ಕೂತು ಕೇಳಿದೆ. ನಾನು ಈ ಪ್ರಶ್ನೆ ಕೇಳುತ್ತೇನೆಂದು ಬಹಳ ದಿನದಿಂದ ಕಾಯುತ್ತಿದ್ದವಳ ಹಾಗೆ, ಕಾಯಿ ಮುರಿಯುವುದನ್ನು ನಿಲ್ಲಿಸದೆಯೇ ಹೇಳಿದಳು.

“ತಿಥಿ ಬೇಡ ಕುಮಾರ. ಅವರು ಬೇಡ ಅಂದಿದ್ರು, ಬೇಡ. ಒಂದು ಮೀಟಿಂಗ್ ಇಡು. ಅವರು ಇಡ್ತಿದ್ರಲ್ಲ, ಚಾಪೆ ಹಾಕ್ಕೊಂಡು, ಹಂಗೆ. ಟೀ ಬೇರೆ ಯಾರಾದ್ರೂ ಮಾಡ್ಲಿ. ನಾನು ಚಾಪೆ ಮೇಲೆ ಕೂತ್ಕೋಬೇಕು.”

ಇಷ್ಟು ಹೇಳಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತೆ. ಅಷ್ಟು ವರ್ಷ ಆ ಮೀಟಿಂಗುಗಳ ಮಾತು ಅವಳಿಗೆ ಬಾಗಿಲಾಚೆಯಿಂದ ಕೇಳುತ್ತಿತ್ತು. ಅವಳಿಗೆ ಒಳಗೆ ಬರುವ ಮನಸ್ಸಿರಬಹುದು ಎಂದು ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ, ಕ್ರಾಂತಿಕಾರಿಗಳ ತಲೆಗೂ ಹೊಳೆದಿರಲಿಲ್ಲ ಎಂದು ಆಗ ಅನ್ನಿಸಿತು.

ಸಿಂಗಾಪುರದಲ್ಲಿ ಮೀಟಿಂಗ್ ಎಂದರೆ ನನ್ನಂಥವನ ಎದೆ ಸುಮ್ಮನೆ ಹೊಡೆದುಕೊಳ್ಳುತ್ತದೆ. ಬ್ಲಾಕಿನ ಕೆಳಗಿನ, ವಾಯ್ಡ್ ಡೆಕ್ ಎಂದು ಕರೆಯುವ ಖಾಲಿ ಜಾಗದಲ್ಲಿ ಮದುವೆ, ಸಾವು ಎಲ್ಲ ನಡೆಯುತ್ತವೆ, ಅದಕ್ಕೆ ಅನುಮತಿ ತೆಗೆದುಕೊಳ್ಳಬೇಕು. ‘ಉದ್ದೇಶ’ ಎನ್ನುವ ಜಾಗದಲ್ಲಿ ಏನು ಬರೆಯುವುದು? ಶುಭಾ ಹಣೆ ಚಚ್ಚಿಕೊಂಡಳು. “ನಾಲ್ಕು ಜನ ಮನೆಗೆ ಬಂದು ಟೀ ಕುಡಿಯೋಕೆ ಪರ್ಮಿಷನ್ ಯಾಕ್ರೀ? ನಮ್ಮನೆ ಹಾಲ್‌ನಲ್ಲೇ ಮೀಟಿಂಗ್ ಮಾಡೋಣ. ಮತ್ತೆ ಟೀ ನಿಮ್ಮ ಡಿಪಾರ್ಟ್‌ಮೆಂಟು. ನಾನೂ ಚಾಪೆ ಮೇಲೇ ಕೂತ್ಕೋತೀನಿ.”

ನಾನು ವಾಟ್ಸಾಪ್‌ನಲ್ಲಿ ‘ಭಾನುವಾರ ಅಪ್ಪನ ವರ್ಷ. ದಯವಿಟ್ಟು ಬನ್ನಿ’ ಎಂದು ಹಾಕಿದೆ. ಅದನ್ನು ಓದಿದ ಕನ್ನಡದವರು ಯಾರಾದರೂ ಏನು ತಿಳಿಯುತ್ತಾರೋ ಅದನ್ನೇ ನಮ್ಮವರೂ ತಿಳಿದರು. ಬೂನ್ ಲೇಯಿಂದ ಗಿರೀಶ, ಅವನ ಹೆಂಡತಿ ಚೈತ್ರಾ, ದ್ವೀಪದ ಆ ತುದಿಯಿಂದ ಈ ತುದಿಗೆ ಎಂಆರ್‌ಟಿ ಹಿಡಿದು ಬಂದರು. ಸಾಫ್ಟ್‌ವೇರಿನ ಗಿರೀಶ ಪಂಚೆ ಉಟ್ಟಿದ್ದ. ಚೈತ್ರಾ ಹೂ ಮುಡಿಯದೆ ಬಂದಿದ್ದಳು. ನಮ್ಮದೇ ಬ್ಲಾಕಿನ ರಂಗನಾಥ್ ಅಂಕಲ್, ಯೂನಿವರ್ಸಿಟಿಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಹೆಂಡತಿ ಉಷಾ ಆಂಟಿಯ ಜೊತೆ ತಲೆಗೆ ಸ್ನಾನ ಮಾಡಿಕೊಂಡು ಬಂದಿದ್ದರು. ಎಲ್ಲರೂ ಹಾರ ಹಾಕಿದ ಫೋಟೋಗಾಗಿ ಗೋಡೆಗಳನ್ನು ಹುಡುಕಿದರು. ಗಿರೀಶ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, “ಬಾಸ್, ಪುರೋಹಿತರು ಎಷ್ಟೊತ್ತಿಗೆ ಬರ್ತಾರೆ? ಎಡೆ ಆಗೋವರೆಗೂ ತಿನ್ನಬಾರ್ದು ಅಂತ ಬೆಳಗ್ಗೆಯಿಂದ ಏನೂ ತಿಂದಿಲ್ಲ. ನಂಗೆ ಬೇರೆ ಗ್ಯಾಸ್ಟ್ರಿಕ್” ಎಂದ. ಪಾಪ, ಅವನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ವಿಷಯ ಹೇಳಿದೆ. ಬಾಳೆಹಣ್ಣು ಅರ್ಧ ಬಾಯಲ್ಲಿಟ್ಟುಕೊಂಡು, “ಮೀಟಿಂಗಾ? ಸಂಡೇ ಕೂಡಾನಾ?” ಎಂದ.

ಸೋಫಾ ಸರಿಸಿ ಚಾಪೆ ಹಾಸಿದೆವು. ಅಮ್ಮ ಅಡುಗೆಮನೆಯ ಬಾಗಿಲಿನವರೆಗೆ ಬಂದು ನಿಂತುಬಿಟ್ಟಳು. ಮೈಸೂರಿನ ಆ ಬಾಗಿಲಿಗೂ ಈ ಬಾಗಿಲಿಗೂ ಅವಳ ಕಾಲಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನಾನು ಕರೆಯಬೇಕೆನ್ನುವಷ್ಟರಲ್ಲಿ, ಇಳಾ ಚಾಪೆ ತಟ್ಟುತ್ತ, “ಅಜ್ಜಿ, ಇಲ್ಲಿ ಕೂತ್ಕೋ ಲಾ. ನಿಂದೇ ಅಲ್ವಾ ಮೀಟಿಂಗು?” ಎಂದು ಇಲ್ಲಿಯವರ ಧಾಟಿಯಲ್ಲಿ ಕರೆದಳು. ಅಮ್ಮ ಸೆರಗು ಸರಿಮಾಡಿಕೊಂಡು ಬಂದು ಕೂತಳು.

ನಾನು ಟೀ ಮಾಡಿ ತಂದೆ. ಎಲ್ಲರಿಗೂ ಅವೇ ಲೋಟಗಳು. ಪದ್ಧತಿಯ ಪ್ರಕಾರ ಒಬ್ಬೊಬ್ಬರೂ ಹೆಸರು ಹೇಳಿದರು. ಅಮ್ಮನ ಸರದಿ ಬಂದಾಗ ಅವಳು ಲೋಟದ ಮೇಲಿನ ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿ, “ವನಜಾಕ್ಷಿ” ಎಂದಳು. ರಂಗನಾಥ್ ಅಂಕಲ್‌ಗೆ ನಾನು ಮೊದಲೇ ಹೇಳಿಕೊಟ್ಟಿದ್ದೆ. ಅವರು ಗಂಭೀರವಾಗಿ, “ಇವತ್ತಿನ ವಿಷಯ?” ಎಂದರು.

“ಲೋಟ” ಎಂದಳು ಅಮ್ಮ.

ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಮ್ಮ ಹೇಳತೊಡಗಿದಳು. ಗಂಡಸರ ಸಾಲು, ನಲ್ಲಿ, ಟೀ ಸೊಪ್ಪು, ಬೂದಿ, ಎಲ್ಲ ಹೇಳಿದಳು. ಅಲ್ಲಿಯವರೆಗಿನದು ನನಗೆ ಗೊತ್ತಿದ್ದದ್ದೇ. ಮುಂದಿನದು ಗೊತ್ತಿರಲಿಲ್ಲ, ಆಗ ನಾನು ಎಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದೆ.

“ಇವನು ಹಾಸ್ಟೆಲಲ್ಲಿದ್ದಾಗ ನಂಗೆ ಟೈಫಾಯ್ಡ್ ಆಯ್ತು. ಮಲಗಿಬಿಟ್ಟೆ. ಅವರೇ ಟೀ ಮಾಡ್ಕೊಂಡ್ರು, ಮೀಟಿಂಗ್ ಬಿಡ್ಲಿಲ್ಲ. ತೊಳೆದಿಟ್ಟ ಲೋಟದಲ್ಲೇ ಮತ್ತೆ ಮುಂದಿನ ವಾರ ಟೀ. ಒಂದು ದಿನ ಯಾರೋ, ಏನ್ ಮೇಷ್ಟ್ರೇ ಲೋಟ ವಾಸನೆ ಹೊಡೀತಿದೆ ಅಂದ್ರು. ನಂಗೆ ರೂಮಿಗೆ ಕೇಳಿಸ್ತು. ಎಲ್ರೂ ಹೋದ್ಮೇಲೆ ಒಂದು ಲೋಟ ಹಿಡ್ಕೊಂಡು ನನ್ನ ಮಂಚದ ಹತ್ರ ಬಂದ್ರು. ವನಜಾ, ಇಷ್ಟು ವರ್ಷ ನೀನು ಮತ್ತೆ ತೊಳೀತಿದ್ಯಾ ಅಂದ್ರು. ಹೂಂ ಅಂದೆ. ಯಾಕೆ ಹೇಳ್ಲಿಲ್ಲ ಅಂದ್ರು.”

ಉಷಾ ಆಂಟಿ, “ನೀವೇನಂದ್ರಿ?” ಎಂದು ಕೇಳಿದರು.

“ಹೇಳಿದ್ರೆ ಅವರಿಗೆಲ್ಲ ಅವಮಾನ ಆಗ್ತಿತ್ತು. ಮುಂದಿನ ವಾರದಿಂದ ಏಳೋದೇ ಬಿಡ್ತಿದ್ರು. ಗಂಡಸ್ರು ಲೋಟ ಹಿಡ್ಕೊಂಡು ಅಷ್ಟಾದ್ರೂ ಏಳ್ತಾ ಇದ್ರಲ್ಲ. ಅದು ನಿಲ್ಲಬಾರ್ದಿತ್ತು ಕಣ್ರೀ. ನಮ್ಮ ಬೀದಿ ಹೆಣ್ಣುಮಕ್ಕಳೆಲ್ಲ ನೋಡೋರು. ಅದಕ್ಕೇ ಹೇಳ್ಲಿಲ್ಲ, ಅಂದೆ.”

ಚೈತ್ರಾ ಗಿರೀಶನ ಮುಖ ನೋಡಿದಳು. ಗಿರೀಶ ತನ್ನ ಲೋಟದೊಳಗೆ ನೋಡಿಕೊಂಡ.

“ಅವರು ಎದ್ದು ಹೋಗಿ ಹಿತ್ತಲಲ್ಲಿ ಬೂದಿ ಹಾಕಿ ಅಷ್ಟೂ ತಿಕ್ಕಿದ್ರು. ಕೈಯೆಲ್ಲ ತರಚಿಕೊಂಡ್ರು. ಮುಂದಿನ ಮೀಟಿಂಗಲ್ಲಿ ಭಾಷಣ ಮಾಡ್ಲಿಲ್ಲ. ಎಲ್ರನ್ನೂ ಹಿತ್ತಲಿಗೆ ಕರ್ಕೊಂಡು ಹೋಗಿ, ತೊಳೆಯೋದು ಹೆಂಗೆ ಅಂತ ತೋರಿಸಿದ್ರು. ಅದರ ಮುಂದಿನ ವಾರ ಅರ್ಧಕ್ಕರ್ಧ ಜನ ಬರ್ಲೇ ಇಲ್ಲ.” ಇಲ್ಲಿ ಅಮ್ಮ ನಕ್ಕಳು. ಎಲ್ಲರೂ ನಕ್ಕೆವು. “ಆದ್ರೆ ಇವರು ಬಿಡ್ಲಿಲ್ಲ. ಕೈಲಾಗೋವರೆಗೂ ನಮ್ಮನೆ ಲೋಟ ಎಲ್ಲ ಅವರೇ ತೊಳೀತಿದ್ರು.”

ಅಪ್ಪ ಕೊನೆಯ ವರ್ಷಗಳಲ್ಲಿ ಸಿಂಕಿನ ಮುಂದೆ ನಿಂತಿರುತ್ತಿದ್ದದ್ದು ನನಗೆ ನೆನಪಿದೆ. ರಿಟೈರಾದವರಿಗೆ ಹೊತ್ತು ಹೋಗುವುದಿಲ್ಲ ಎಂದು ನಾನು ತಿಳಿದಿದ್ದೆ.

“ಇನ್ನೊಂದು ಹೇಳ್ಬೇಕು” ಎಂದಳು ಅಮ್ಮ. ದನಿ ಸ್ವಲ್ಪ ಇಳಿದಿತ್ತು. “ತೊಳೆಯೋದು ತೋರಿಸಿದ್ರಲ್ಲ, ಆ ಮೀಟಿಂಗ್ ದಿನ, ಎಲ್ರೂ ಬರೋಕೆ ಮುಂಚೆ, ವನಜಾ ಇವತ್ತಿಂದ ನೀನೂ ಬಂದು ಕೂತ್ಕೋ ಅಂದ್ರು. ಒಲೆ ಮೇಲೆ ಹಾಲಿತ್ತು. ಹಾಲಿಟ್ಟಿದೀನಿ, ನೀವು ನಡೀರಿ ಅಂದೆ. ನಾಚಿಕೆನೂ ಆಯ್ತು. ಇನ್ನೊಂದ್ಸಲ ಕರೀತಾರೆ ಅಂದ್ಕೊಂಡೆ. ನನಗೆ ಇಷ್ಟ ಇಲ್ಲ ಅಂತ ಅವರು ತಿಳ್ಕೊಂಡ್ರೋ ಏನೋ, ಮತ್ತೆ ಕರೀಲಿಲ್ಲ. ಹೋಗ್ಬೇಕಿತ್ತು. ಹಾಲು ಉಕ್ಕಿದ್ರೆ ಉಕ್ಲಿ ಅಂತ ಹೋಗ್ಬೇಕಿತ್ತು. ವರ್ಷದಿಂದ ಅದೊಂದೇ ಮನಸ್ಸಲ್ಲಿ. ಇವತ್ತು ಬಂದು ಕೂತಿದೀನಿ.”

ಕೊನೆಯ ಮಾತನ್ನು ಅವಳು ಹೇಳಿದ್ದು ನಮಗಲ್ಲ, ಅಪ್ಪನಿಗೆ. ನನಗೆ ಅಳು ಬಂತು. ಅಪ್ಪ ಹೋದ ದಿನ ಕಾಗದಪತ್ರಗಳಿಗೆ ಓಡಾಡುತ್ತ ಅಳಲು ಪುರಸೊತ್ತಾಗಿರಲಿಲ್ಲ. ಅವತ್ತಿನದನ್ನೂ ಸೇರಿಸಿ ಈಗ ಅತ್ತುಬಿಟ್ಟೆ, ಮಗಳು ನೋಡುತ್ತಿದ್ದಾಳೆ ಎನ್ನುವುದನ್ನೂ ಮರೆತು. ಅಪ್ಪನಿಗೆ ತಿಥಿ ಬೇಡವಾಗಿತ್ತು. ಇದು ಬೇಡ ಎನ್ನುತ್ತಿರಲಿಲ್ಲ.

ಮೊದಲು ಎದ್ದವರು ರಂಗನಾಥ್ ಅಂಕಲ್. ಮಂಡಿ ಹಿಡಿದುಕೊಂಡು, ಖಾಲಿ ಲೋಟ ತೆಗೆದುಕೊಂಡು ಅಡುಗೆಮನೆಗೆ ನಡೆದರು. ಅವರ ಹಿಂದೆ ಗಿರೀಶ, ಪಂಚೆ ಮಡಚಿ ಕಟ್ಟಿ. ಅವನ ಹಿಂದೆ ನಾನು. ನಮ್ಮ ಅಡುಗೆಮನೆಯಲ್ಲಿ ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕು. ಸಾಲು ಶೂ ಇಡುವ ಸ್ಟ್ಯಾಂಡಿನವರೆಗೂ ಬಂತು. “ಅಂಕಲ್, ಸೋಪ್ ಹಾಕಿ, ಒಳಗಡೆ ತಿಕ್ಕಿ” ಎಂದು ಇಳಾ ಸಿಂಕಿನ ಪಕ್ಕ ನಿಂತು ಮೇಲ್ವಿಚಾರಣೆ ಮಾಡಿದಳು. ಅಮ್ಮ ಎರಡು ಸಲ ಎದ್ದು ಬರಲು ನೋಡಿದಳು. ಶುಭಾ ಅವಳ ಕೈ ಹಿಡಿದು ಕೂರಿಸಿದಳು. ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

ಹೊರಡುವ ಹೊತ್ತಿಗೆ ಗಿರೀಶ, ಚೈತ್ರಾ ಇಬ್ಬರೂ ಮಾತಿಲ್ಲದೆ ಚಪ್ಪಲಿ ಮೆಟ್ಟಿ ಕಾರಿಡಾರಿಗೆ ಇಳಿದರು. ಸಾವಿನ ಮನೆಯಿಂದ, ತಿಥಿಯ ಮನೆಯಿಂದ ನಮ್ಮವರು ಹೋಗಿಬರುತ್ತೇವೆ ಎಂದು ಹೇಳಿ ಹೊರಡುವುದಿಲ್ಲವಲ್ಲ, ಹಾಗೆ. ಅಮ್ಮ ಬಾಗಿಲಿಗೆ ಬಂದು, “ಏಯ್ ಗಿರೀಶ, ಬರ್ತೀನಿ ಅಂತ ಹೇಳಿ ಹೋಗಪ್ಪಾ. ಇದು ಮೀಟಿಂಗು. ಮತ್ತೆ ಇರತ್ತೆ” ಎಂದು ಕೂಗಿದಳು. ಲಿಫ್ಟಿನ ಹತ್ತಿರ ಹೋಗಿದ್ದವನು ವಾಪಸ್ ಬಂದು, “ಬರ್ತೀನಿ ಆಂಟಿ” ಎಂದು ಹೇಳಿ ಹೋದ.

ಮಾರನೆಯ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅಮ್ಮ ಅಡುಗೆಮನೆಯಲ್ಲಿ, ರ‍್ಯಾಕಿನಿಂದ ಒಂದೊಂದೇ ಲೋಟ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೂಸಿ, ಇಡುತ್ತಿದ್ದಳು. ಅಭ್ಯಾಸ ಬಲ, ಈಗ ಎಲ್ಲವನ್ನೂ ಮತ್ತೆ ತೊಳೆಯುತ್ತಾಳೆ ಎಂದುಕೊಂಡೆ. ಒಂದು ಲೋಟದ ಮುಂದೆ ಅವಳ ಕೈ ನಿಂತಿತು. ತಳದಲ್ಲಿ ಟೀ ಸೊಪ್ಪು ಒಣಗಿ ಅಂಟಿತ್ತು.

“ಇದು ಯಾರು ತೊಳೆದಿದ್ದು?”

“ನಾನು” ಎಂದೆ.

ಅವಳು ನಲ್ಲಿಯ ಕಡೆ ತಿರುಗಲಿಲ್ಲ. ಲೋಟವನ್ನು ನನ್ನ ಕೈಗೆ ಕೊಟ್ಟಳು.

“ಕ್ರಾಂತಿ, ಇನ್ನೊಂದ್ಸಲ ಸರಿಯಾಗಿ ತೊಳಿ” ಎಂದಳು.